ಮಿತ್ರವಲಯದ ಕಡತ ವಿನಿಮಯ

ನಡುವೆ ಸಾರ್ವಜನಿಕ ಭಂಡಾರವಾಗಲಿ ವ್ಯಾಪಾರಿ ಸಂಸ್ಥೆಯ ಸರ್ವರ್ ಆಗಲಿ ಇಲ್ಲದೆ, ಪರಸ್ಪರ ಪರಿಚಿತರಾದ ಕೆಲವೇ ಮಂದಿ ತಮ್ಮಲ್ಲಿರುವ ಗ್ರಂಥ, ಗೀತ, ಚಿತ್ರ, ಲೆಕ್ಕಪತ್ರ ಮುಂತಾದವುಗಳ ಪ್ರತಿಗಳನ್ನು ನೇರವಾಗಿ ಒಬ್ಬರಿಂದೊಬ್ಬರು ಪಡೆಯುವ ಏರ್ಪಾಡು. ಇದರ ಕಂಪ್ಯೂಟರ್ ರೂಪ 2000ದ ಆಸುಪಾಸಿನದಾದರೂ, ಪ್ರತಿಯನ್ನು ಯಾರ ಕೈಗೆ ಕೊಡಬೇಕು, ಕೊಟ್ಟ ಪ್ರತಿ ಮೂಲಕ್ಕೆ ಸರಿಯಾಗಿದೆಯೆಂದು ತಿಳಿಯುವ ಬಗೆ ಯಾವುದು ಎಂಬೆರಡು ಪ್ರಶ್ನೆಗಳು ತಾಳೆಯೋಲೆಯ ಕಾಲದಿಂದಲೂ ಇದ್ದುವಾದ್ದರಿಂದ, ಕನ್ನಡನಾಡಿನಲ್ಲಿ ಈ ವಿಷಯದ ಚರಿತ್ರೆಯನ್ನು ಅಲ್ಲಿಂದಲೇ ಆರಂಭಿಸುವುದು ಉಚಿತ.

ದ್ವಾರಸಮುದ್ರ, ಎಂದರೆ ಇಂದಿನ ಹಳೇಬೀಡು, ಹೊಯ್ಸಳರ ರಾಜಧಾನಿಯಾಗಿದ್ದು, ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ಆ ಕಾಲದಲ್ಲಿ, ಶಾಸ್ತ್ರದಾನವು ಆಹಾರ, ಅಭಯ, ಔಷಧ ದಾನಗಳೊಡನೆ ಜೈನರ ಚತುರ್ವಿಧ ದಾನಗಳಲ್ಲಿ ಒಂದೆಂದು ಸನ್ಮಾನ ಪಡೆದಿತ್ತು. ಆ ಅರಸನ ದಂಡನಾಯಕ ಗಂಗರಾಜನಿಗೆ ಗುರುಗಳಾಗಿದ್ದವರು ಶುಭಚಂದ್ರ ಸಿದ್ಧಾಂತದೇವರು. ದೇಮಿಯಕ್ಕ ಎಂಬ ಶ್ರಾವಕಿ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ 'ಧವಲಾ' ಎಂಬ ಜೈನ ಆಗಮಟೀಕೆಯ ಪ್ರತಿಯೊಂದನ್ನು ಇದೇ ಶುಭಚಂದ್ರರಿಗೆ ಅರ್ಪಿಸಿದಳೆಂದು ಆ ಪ್ರತಿಯ ಪ್ರಶಸ್ತಿಯೇ ಹೇಳುತ್ತದೆ. ವೀರಸೇನಾಚಾರ್ಯರ ಆ ಕೃತಿಯ ಗಾತ್ರ 72,000 ಗ್ರಂಥ, ಒಂದೊಂದು ಗ್ರಂಥಕ್ಕೆ 32 ಅಕ್ಷರ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದರೂ, ಅದು ಒಂದು ಕೇಂದ್ರದಿಂದ ಹಲವೆಡೆಗೆ ಹರಿದ ದಾನ. ದೇಮಿಯಕ್ಕನದು ಇಂಥವಳಿಂದ ಇಂಥವರಿಗೆ ಎಂದು ಎರಡೂ ಕೊನೆಗಳ ಹೆಸರನ್ನು ಪ್ರತಿಯ ಮೇಲೆಯೇ ಬರೆದುಕೊಂಡ ವಿನಿಮಯ. ನಮ್ಮ ವಿಷಯಕ್ಕೆ ಹತ್ತಿರವಾದುದು ಎರಡನೆಯದೇ.

1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲ್ಲಿಕ್ ಕಾಫರನ ದಂಡು ದ್ವಾರಸಮುದ್ರದ ಮೇಲೆ ಬಿತ್ತು. ಅಂಥ ಹಾವಳಿಗಳ ನಡುವೆಯೂ ದೇಮಿಯಕ್ಕನ ಪ್ರತಿ ಉಳಿದುದು ಘಟ್ಟದ ಕೆಳಗಿನ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಉಳಿಯಿತೆಂಬ ಸಂತೋಷದ ಜತೆಗೆ, ಬೇರೆಲ್ಲಿಯೂ ಇಲ್ಲದೆ ಅಲ್ಲೊಂದೇ ಕಡೆ ಉಳಿಯಿತೆಂಬ ಸಂಕಟವೂ ಸೇರಿತು, ಏಕೆಂದರೆ ಶತಮಾನಗಳ ಕಾಲ ಅದು ದರ್ಶನಕ್ಕೆ ದೊರೆಯುತ್ತಿತ್ತೇ ಹೊರತು ಓದಿಗಲ್ಲ. 1896ರ ಸುಮಾರಿಗೆ ಭಂಡಾರದವರ ಒಪ್ಪಿಗೆಯಿಂದ, ಪ್ರತಿ ಹೊರಗೆ ಹೋಗಕೂಡದೆಂಬ ಕರಾರಿನ ಮೇಲೆ, ನಕಲು ಮಾಡುವ ಕೆಲಸ ತೊಡಗಿತು. ಲಿಪಿಕಾರರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ಹಗಲು ಭಂಡಾರಕ್ಕೆ ಬರೆದುಕೊಟ್ಟದ್ದನ್ನೇ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಮತ್ತೊಮ್ಮೆ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಆ ಪ್ರತಿ ಸಹಾರನಪುರದ ಲಾಲಾ ಜಂಬೂಪ್ರಸಾದರಿಗೆ ಸಂದಿತು. ಅದನ್ನು ನಾಗರಿಗೆ ತಂದ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿ ಮಾಡಿಕೊಂಡರು. ಅಲ್ಲಿಂದ ಆರಾ, ಕಾರಂಜಾ, ಸಾಗರ ಮೊದಲಾದ ಊರುಗಳಿಗೆ ಪ್ರತಿಯ ಪ್ರತಿಗಳು ಹೋದುವು. ಹೀರಾಲಾಲ್ ಜೈನರು ಅಮರಾವತಿಯಿಂದ 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದುದು ಈ ಗುಪ್ತಶಾಖೆಯ ಪ್ರತಿಗಳ ಆಧಾರದಿಂದ. ಕರಾರನ್ನು ಮುರಿದ ಆ ದಂಪತಿಗಳ ನಡತೆಯನ್ನು ಧರ್ಮಶಾಸ್ತ್ರಿಗಳು ಹೇಗಾದರೂ ತೂಗಲಿ. ಆ ದೀಪದ ಬೆಳಕಿನ ಬರವಣಿಗೆಯಿಲ್ಲದಿದ್ದರೆ ವಿದ್ವಲ್ಲೋಕವು ಇನ್ನಷ್ಟು ವರ್ಷ ಕಾಯಬೇಕಾಗುತ್ತಿತ್ತು.

ಪ್ರತಿಯ ಶುದ್ಧಿಗೆ ಅಂದು ಇದ್ದ ಉಪಾಯ, ಒಬ್ಬನು ಮಾತೃಕೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬನು ಹೊಸ ಓಲೆಯ ಮೇಲೆ ಕಣ್ಣಾಡಿಸುತ್ತ ಬಿಟ್ಟುಹೋದುದನ್ನು ಅಂಚಿನಲ್ಲಿ ತುಂಬುವುದು. ಕಂಪ್ಯೂಟರಿನಲ್ಲಿ ಇದೇ ಕೆಲಸವನ್ನು ಹ್ಯಾಶ್ ಎಂಬ ಗಣಿತಮುದ್ರೆ ಮಾಡುತ್ತದೆ: ಕಡತವನ್ನು ತುಂಡುಗಳಾಗಿಸಿ, ಪ್ರತಿ ತುಂಡಿಗೂ ಒಂದು ಸಂಖ್ಯೆಯನ್ನು ಎಣಿಸಿ, ಎರಡು ಕಡೆಯ ಸಂಖ್ಯೆಗಳೂ ಹೊಂದಿದರೆ ಮಾತ್ರ ಆ ತುಂಡನ್ನು ಅಂಗೀಕರಿಸುವುದು. ಬ್ರಾಮ್ ಕೋಹೆನ್ 2001ರಲ್ಲಿ ಪ್ರಕಟಿಸಿದ ಬಿಟ್‌ಟೊರೆಂಟ್ ಈ ತತ್ತ್ವವನ್ನು ಮನೆಮಾತಾಗಿಸಿತು.

ಅದಕ್ಕೂ ಮುಂಚೆ, 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಬಳಕೆದಾರರ ಯಂತ್ರಗಳಲ್ಲಿಯೇ ಇದ್ದರೂ ಅವುಗಳ ಸೂಚಿ ಒಂದೇ ಸಂಸ್ಥೆಯ ಕೈಯಲ್ಲಿತ್ತು. ಆದುದರಿಂದಲೇ 2001ರಲ್ಲಿ ನ್ಯಾಯಾಲಯದ ಆಜ್ಞೆಗೆ ಸಿಕ್ಕಿ ಅದು ನಿಂತಿತು. 2003ರಲ್ಲಿ ಜಸ್ಟಿನ್ ಫ್ರಾಂಕೆಲ್ ರಚಿಸಿದ 'ವೇಸ್ಟ್' ಎಂಬ ತಂತ್ರಾಂಶವು ಇದಕ್ಕೆ ತದ್ವಿರುದ್ಧ: ಸದಸ್ಯರು ಬೆರಳೆಣಿಕೆಯವರು, ಒಬ್ಬರ ಗೂಢಲಿಪಿಯ ಕೀಲಿಯನ್ನು ಇನ್ನೊಬ್ಬರು ಒಪ್ಪಿದ ಹೊರತು ಪ್ರವೇಶವಿಲ್ಲ. ಆತನ ಕಂಪನಿಯ ಮಾತೃಸಂಸ್ಥೆ ಬಿಡುಗಡೆಯ ಬೆನ್ನಿಗೇ ಅದನ್ನು ಹಿಂತೆಗೆದುಕೊಂಡರೂ ಮೇಲ್ಪಂಕ್ತಿ ಉಳಿಯಿತು. ಇದೇ ಜಾಡಿನಲ್ಲಿ ಈಗ ಬಹಳ ಮಂದಿ ಬಳಸುವ ಸಿಂಕ್‌ಥಿಂಗ್ ಎಂಬ ತಂತ್ರಾಂಶ 2013ರದು.

ಬೇಲೂರಿನ ಮನೆಯೊಂದಕ್ಕೂ ಅರಸೀಕೆರೆಯ ಮನೆಯೊಂದಕ್ಕೂ ನಡುವೆ ಇಂಥ ಸಂಪರ್ಕವನ್ನು ಏರ್ಪಡಿಸುವ ಕ್ರಮ ಕಷ್ಟವಾದುದೇನಲ್ಲ: ಎರಡು ಯಂತ್ರಗಳಲ್ಲಿಯೂ ತಂತ್ರಾಂಶವನ್ನು ಸ್ಥಾಪಿಸಿ, ಒಂದರ ಗುರುತಿನ ಸಂಖ್ಯೆಯನ್ನು ಇನ್ನೊಂದಕ್ಕೆ ಊಡಿಸಿ, ಎರಡು ಕಡೆಯವರೂ ಒಪ್ಪಿಗೆ ಕೊಟ್ಟು, ಯಾವ ಫೋಲ್ಡರ್ ಹಂಚತಕ್ಕದ್ದೆಂದು ಸೂಚಿಸಿದರೆ ಆಯಿತು. ಗುರುತಿನ ಸಂಖ್ಯೆಯನ್ನು ಫೋನಿನಲ್ಲಿ ಓದಿ ತಾಳೆ ನೋಡುವುದು ಮೇಲು. ತೊಡಕು ಬರುವುದು ಬೇರೆಡೆ. ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಹೊರಗಿನ ಯಂತ್ರಕ್ಕೆ ಒಳಗಿನ ಯಂತ್ರದ ಬಾಗಿಲು ಕಾಣಿಸದೆ, ಕಡತವು ಗೂಢಲಿಪಿಯಲ್ಲಿಯೇ ಮಧ್ಯವರ್ತಿ ಯಂತ್ರವೊಂದರ ಮೂಲಕ ನಿಧಾನವಾಗಿ ಸಾಗಬೇಕಾಗುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 64 ಗಿಗಾಬೈಟ್ ಕಳುಹಿಸಲು ಸುಮಾರು 14 ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಪೆನ್ ಡ್ರೈವನ್ನು ಜೇಬಿನಲ್ಲಿಟ್ಟುಕೊಂಡವನು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದಾನು. ಮೊಬೈಲಿನಿಂದ ಮೊಬೈಲಿಗೆ ಹಾಡು ಕಳಿಸುತ್ತಿದ್ದ ಹುಡುಗರಿಗೆ ಅಚ್ಚುಮೆಚ್ಚಾಗಿದ್ದ ಶೇರ್‌ಇಟ್, ಜೆಂಡರ್ ಎಂಬ ಆ್ಯಪ್‌ಗಳನ್ನು ಭಾರತ ಸರಕಾರವು 2020ರ ಜೂನ್‌ನಲ್ಲಿ ನಿಷೇಧಿಸಿತು.

ಕಾನೂನಿನ ವಿಚಾರವಾಗಿ, 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಸ್ವಂತ ಉಪಯೋಗಕ್ಕೂ ಸಂಶೋಧನೆಗೂ ನ್ಯಾಯೋಚಿತ ಬಳಕೆಯನ್ನು ಅನುಮತಿಸುವುದಾದರೂ, ಹೊಸ ಚಲನಚಿತ್ರವನ್ನು ಇಡಿಯಾಗಿ ಗೆಳೆಯರಿಗೆಲ್ಲ ಹಂಚುವುದು ಅದರ ಆಶ್ರಯಕ್ಕೆ ಬಾರದು. ಲೇಖಕನು ಗತಿಸಿ 60 ವರ್ಷ ಸಂದ ಪುಸ್ತಕಕ್ಕೆ, ತಾನೇ ತೆಗೆದ ಚಿತ್ರಕ್ಕೆ, ಶಾಸನದ ಸ್ವಂತ ಪಡಿಯಚ್ಚಿಗೆ ಈ ತೊಡಕಿಲ್ಲ.

ಬಳಕೆದಾರರು ಅರಿತಿರಬೇಕಾದ ಇನ್ನೊಂದು ಸಂಗತಿ: ಓಲೆಯ ಪ್ರತಿಯೊಂದು ಸುಟ್ಟರೆ ಇನ್ನೊಂದಕ್ಕೆ ಬಾಧೆಯಿರಲಿಲ್ಲ, ಆದರೆ ಸಮನ್ವಯ ಮಾಡುವ ಈ ತಂತ್ರಾಂಶಗಳಲ್ಲಿ ಬೇಲೂರಿನವನು ಅಳಿಸಿದ ಕಡತ ಅರಸೀಕೆರೆಯಲ್ಲಿಯೂ ತಾನಾಗಿ ಅಳಿಯುತ್ತದೆ. ಹಳೆಯ ಆವೃತ್ತಿಗಳನ್ನು ಪ್ರತ್ಯೇಕವಾಗಿ ಕಾದಿಡುವ ಸೌಕರ್ಯ ಸಿಂಕ್‌ಥಿಂಗ್‌ನಲ್ಲಿ ಉಂಟಾದರೂ, ಬಳಕೆದಾರನು ತಾನೇ ಆರಿಸಿಕೊಂಡ ಹೊರತು ಅದು ಜಾರಿಗೆ ಬರುವುದಿಲ್ಲ.