ತೋಳಳತೆಯ ಪಿತೃತ್ವ: ಆಕಾ ಜನರ ಬೇಟೆಯ ಬಲೆಯೂ ಶಿಶುಲಾಲನೆಯೂ

ಶಿಶುಪಾಲನೆಯು ತಾಯಿಯ ಸಹಜಧರ್ಮವೆಂದೂ, ತಂದೆಗೆ ಕೂಸಿನೊಡನೆ ಇರುವುದು ಅನ್ನವಸ್ತ್ರಗಳನ್ನು ಒದಗಿಸುವಷ್ಟರ ದೂರದ ನಂಟೆಂದೂ ನಂಬಿಕೊಂಡು ಬಂದವರಿಗೆ, ಮಧ್ಯ ಆಫ್ರಿಕಾ ಗಣರಾಜ್ಯದ ದಕ್ಷಿಣಕ್ಕೂ ಕಾಂಗೋ ಗಣರಾಜ್ಯದ ಉತ್ತರಕ್ಕೂ ಹಬ್ಬಿರುವ ಮಳೆಕಾಡಿನಲ್ಲಿ ಬಾಳುವ ಆಕಾ ಜನರ ಬಿಡಾರದ ಒಂದು ಸಂಜೆಯೇ ಸಾಕಷ್ಟು ದೊಡ್ಡ ಆಕ್ಷೇಪವಾಗಿ ತೋರೀತು. ತಾಯಿಯು ಸೌದೆಗೆ ಹೋಗಿರುವಾಗ, ಇಲ್ಲವೆ ಅಡುಗೆಯಲ್ಲಿ ತೊಡಗಿರುವಾಗ, ಎರಡು ಮೂರು ತಿಂಗಳ ಕೂಸು ತಂದೆಯ ಎದೆಗೊರಗಿರುತ್ತದೆ; ರಚ್ಚೆಹಿಡಿದರೆ ಅವನು ತನ್ನ ಮೊಲೆಯನ್ನೇ ಅದರ ಬಾಯಿಗಿತ್ತು ಸಂತೈಸುವುದೂ ಉಂಟು. ಬ್ಯಾರಿ ಹ್ಯೂಲೆಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಈ ಕುಟುಂಬಗಳ ಬೆನ್ನುಹತ್ತಿ ನಡೆದು ಲೆಕ್ಕವಿಟ್ಟು, 1991ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಎಣಿಕೆಯಂತೆ, ಒಂದರಿಂದ ನಾಲ್ಕು ತಿಂಗಳ ಶಿಶುವನ್ನು ತಂದೆಯು ಬಿಡಾರದಲ್ಲಿ ಸುಮಾರು ಶೇಕಡ 22ರಷ್ಟು ಕಾಲ ಎತ್ತಿಕೊಂಡಿರುತ್ತಾನೆ. ದಿನದ ಶೇಕಡ 47ರಷ್ಟು ಕಾಲ ಮಗುವನ್ನು ಹಿಡಿದುಕೊಂಡೋ ಅದಕ್ಕೆ ತೋಳಳತೆಯಲ್ಲಿಯೋ ಇರುತ್ತಾನೆ. ವಾತ್ಸಲ್ಯವನ್ನು ತೋಳಿನಿಂದ ಅಳೆಯುವುದು ವಿನೋದವಾಗಿ ಕಂಡರೂ, ಹೃದಯವನ್ನು ಅಳೆದೆವೆಂಬ ಹುಸಿಗಿಂತ ಅದು ಮೇಲು.

ಇದನ್ನು ಆ ಜನರ ಮೃದುಸ್ವಭಾವಕ್ಕೆ ಆರೋಪಿಸಿ ಸುಮ್ಮನಾಗುವುದು ಸುಲಭ. ಆದರೆ ಕಾರಣವು ಸ್ವಭಾವದಲ್ಲಿರುವುದಕ್ಕಿಂತ ಬಲೆಯಲ್ಲಿದೆಯೆಂದು ನನಗೆ ತೋರುತ್ತದೆ. ಆಕಾ ಜನರ ಬಲೆಬೇಟೆಯು ಗಂಡಸರದೇ ಸಾಹಸವಲ್ಲ. ಸಣ್ಣ ಕಾಡುಜಿಂಕೆಗಳನ್ನು ಬಲೆಗೆ ಅಟ್ಟುವುದರಲ್ಲಿಯೂ ಸಿಕ್ಕಿದುದನ್ನು ಹಿಡಿಯುವುದರಲ್ಲಿಯೂ ಗಂಡಹೆಂಡಿರಿಬ್ಬರಿಗೂ ಪಾಲುಂಟು, ಕೂಸು ಜತೆಯಲ್ಲಿಯೇ ಉಂಟು. ದುಡಿಮೆಯಲ್ಲಿ ಹೀಗೆ ದಿನವಿಡೀ ಒಡನಿರುವ ದಂಪತಿಗಳಲ್ಲಿ, ಒಬ್ಬರ ಕೈ ಬಿಡುವಿಲ್ಲದಾಗ ಮಗುವು ಮತ್ತೊಬ್ಬರ ಕೈಗೆ ಹೋಗುವುದಕ್ಕೆ ಉಪದೇಶವೇನೂ ಬೇಕಾಗುವುದಿಲ್ಲ. ಇಲ್ಲಿ ಹ್ಯೂಲೆಟ್ಟರು ಕಂಡ ಇನ್ನೊಂದು ಅಂಶ ಸ್ವಾರಸ್ಯವಾದುದು: ಅಮೆರಿಕದ ತಂದೆಯು ಮಗುವನ್ನು ಮೇಲಕ್ಕೆ ಎಸೆದು ಹಿಡಿದು ಕುಣಿಸುವ ಅಬ್ಬರದ ಆಟ ಆಕಾ ತಂದೆಯಲ್ಲಿ ಬಹುತೇಕ ಇಲ್ಲ. ದಿನಕ್ಕೆ ಅರೆಗಳಿಗೆ ಮಾತ್ರ ದೊರೆಯುವವನಿಗೆ ಅಂತಹ ಸಂಭ್ರಮದಿಂದಲೇ ಮಗುವಿನ ಪರಿಚಯವಾಗಬೇಕು. ಅದರ ಅಳುವಿನ ಅರ್ಥವನ್ನು ಆಗಲೇ ಬಲ್ಲವನಿಗೆ ಆ ಗದ್ದಲವೇತಕ್ಕೆ?

ಕೆನ್ಯಾದ ಕಿಪ್ಸಿಗಿಸ್ ಜನರಲ್ಲಿ ಚಿತ್ರವು ತಿರುವುಮುರುವಾಗುತ್ತದೆ. ದನಕರುಗಳೂ ಹೊಲವೂ ಬಹುಪತ್ನೀತ್ವವೂ ಉಳ್ಳ ಆ ಸಮಾಜದಲ್ಲಿ ಎಳೆಯ ಶಿಶುವನ್ನು ತಂದೆ ಎತ್ತಿಕೊಳ್ಳುವ ವಾಡಿಕೆಯಿಲ್ಲ. ಅವನ ದೃಷ್ಟಿಯ ಬಲವೇ ಕೂಸಿಗೆ ಕೇಡೆಂಬ ನಂಬಿಕೆಯನ್ನೂ ಅಲ್ಲಿ ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಕಾಯಬೇಕಾದ ಮಂದೆಯೂ ಹಂಚಬೇಕಾದ ಆಸ್ತಿಯೂ ಇರುವೆಡೆ ಪಿತೃತ್ವವು ಅಧಿಕಾರದ ವೇಷ ತೊಡುತ್ತದೆ, ಅಧಿಕಾರಕ್ಕೆ ದೂರವೇ ಭೂಷಣ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳು ಇದಕ್ಕೆ ಒಂದು ಬಗೆಯ ತಾಳೆನೋಟ: ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯವರು 1929ರ ತಮ್ಮ ಗ್ರಂಥದಲ್ಲಿ ವರ್ಣಿಸಿದಂತೆ, ಕುಲವೂ ಉತ್ತರಾಧಿಕಾರವೂ ಸೋದರಮಾವನ ಕಡೆಯಿಂದ ಬರುವ ಅಲ್ಲಿ, ತಂದೆಯು ಮಗುವನ್ನು ಹೊತ್ತು ತಿರುಗಿ, ಅದರ ಹೊಲಸನ್ನು ತೊಳೆದು, ಮಮತೆಯ ಗೆಳೆಯನಂತೆ ನಡೆದುಕೊಳ್ಳುತ್ತಾನೆ. ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲ ನಮ್ಮವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲವಾದರೂ, ದಾಯಭಾಗದ ಸಾಮ್ಯದಿಂದ ತೊಡೆಯ ಮೇಲಣ ಲಾಲನೆಯನ್ನೂ ಊಹಿಸಿಬಿಡುವ ಆತುರ ಸಲ್ಲದು.

ಜೀವಶಾಸ್ತ್ರವನ್ನು ಮುಂದಿಟ್ಟು ವಾದಿಸುವವರಿಗೂ ಇಲ್ಲಿ ಒಂದು ಕೌತುಕವಿದೆ. ತಾಂಜಾನಿಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಕ್ಕಳನ್ನು ನೋಡಿಕೊಳ್ಳುವ ಹಡ್ಜಾ ಬೇಟೆಗಾರರಲ್ಲಿ ತಂದೆಯಾದವರಿಗೆ ತಂದೆಯಾಗದವರಿಗಿಂತ ಟೆಸ್ಟೋಸ್ಟಿರೋನ್ ಎಂಬ ಗಂಡುಹಾರ್ಮೋನು ಕಡಮೆ. ನೆರೆಯ ದಾತೋಗ ಪಶುಪಾಲಕರಲ್ಲಿ, ತಂದೆಯು ಕೂಸಿನಿಂದ ದೂರವಿರುವೆಡೆ, ಆ ಅಂತರ ಕಾಣಲಿಲ್ಲ. ರಕ್ತವೂ ರೂಢಿಯ ಮಾತನ್ನು ಕೇಳುತ್ತದೆಂದಾಯಿತು.

ಆದರೆ ಒಂದೇ ಕಾಡಿನ, ಒಂದೇ ಬಲೆಯ ಆಕಾ ಜನರೊಳಗೂ ತಂದೆಯರು ಏಕಪ್ರಕಾರವಾಗಿಲ್ಲವೆಂಬುದೇ ನನ್ನನ್ನು ಹೆಚ್ಚಾಗಿ ಸೆಳೆದುದು. ಬಿಡಾರಕ್ಕೆ ಹಿರಿಯನೆನಿಸಿದ ‘ಕೊಂಬೆತಿ’ಯು ತನ್ನ ಕೂಸನ್ನು ಉಳಿದವರಿಗಿಂತ ಕಡಮೆ ಎತ್ತಿಕೊಳ್ಳುತ್ತಾನೆ; ಬೆನ್ನಿಗೆ ಸೋದರರ ಬಲವಿಲ್ಲದ, ಬಿಡಾರದಲ್ಲಿ ಹೆಚ್ಚಿನ ಮನ್ನಣೆಯಿಲ್ಲದವನ ತೋಳಿನಲ್ಲಿಯೇ ಮಗುವು ಹೆಚ್ಚು ಹೊತ್ತು ಇರುತ್ತದೆ.