ಅರಿವಿ ಸುತ್ತಿದ ವೈರು

ಹಳೇ ಕಾಲದ ಕಾರಿನ ವೈರು ಹೆಂಗಿರ್ತಿದ್ವು ಗೊತ್ತದೇನ್ರಿ ವೈನಿ? ತಾಮ್ರದ ಎಳಿ, ಅದರ ಮ್ಯಾಲೆ ರಬ್ಬರು, ಅದರ ಮ್ಯಾಲೆ ನಮ್ಮ ಹೆರಳಿನಂಗ ಹೆಣೆದ ಹತ್ತಿ ನೂಲು. ನೀರು ಇಳೀಬಾರದಂತ ಕಡೀಕ ಒಂದು ಕೈ ವಾರ್ನಿಶು.

ಇಂಗ್ಲಂಡಿನ ಕಾರುಗಳೊಳಗ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿದು ದೊಡ್ಡ ಹೆಸರು. ಅವರ ವೈರಿಗೆ ಬಣ್ಣನ ಗುರುತು. ಬ್ಯಾಟರಿಯಿಂದ ಬರೋದು ಕಂದು, ಅರ್ಥಿಂಗಿಗೆ ಕರಿ, ಹೆಡ್‌ಲೈಟಿಗೆ ನೀಲಿ. ನೀಲಿಯೊಳಗ ಬಿಳಿ ಎಳಿ ಇದ್ರ ದೂರದ ಬೆಳಕು, ಕೆಂಪು ಎಳಿ ಇದ್ರ ತಗ್ಗಿಸಿದ ಬೆಳಕು. ಇಳಕಲ್ ಸೀರಿ ಗುರುತು ಹಿಡಿಯೋ ನಮಗ ಇದೇನು ಕಷ್ಟ ಅಲ್ಲ ಬಿಡ್ರಿ. ಹಲಗಿಗೆ ಮಳಿ ಹೊಡದು, ನಕ್ಷೆ ಪ್ರಕಾರ ವೈರು ಹಾಸಿ, ಬಿಗಿಯಾಗಿ ಸುತ್ತಿ ಒಂದು ಕಟ್ಟು ಮಾಡೋದು. ಅದಕ್ಕ 'ಲೂಮ್' ಅಂತಾರ, ಇಂಗ್ಲಿಷಿನ್ಯಾಗ ಮಗ್ಗಕ್ಕಿರೋ ಹೆಸರ. ಇವತ್ತಿಗೂ ಇದು ಬಹಳ ಮಟ್ಟಿಗೆ ಕೈಕೆಲಸನ.

ಆ ಕಂಪನಿಯೊಳಗ ಹೆಂಗಸರು ಸಾವಿರಗಟ್ಟಲೆ ದುಡೀತಿದ್ರು. 1931ರಾಗ ಜೆಸ್ಸಿ ಈಡನ್ ಅನ್ನೋಕಿ ಮುಂದ ಗಡಿಯಾರ ಹಿಡಕೊಂಡು ನಿಂತ್ರು. ಆಕಿ ಕೈ ಚುರುಕು, ಆಕಿ ವೇಗನ ಎಲ್ಲಾರಿಗೂ ಲೆಕ್ಕ ಮಾಡೋ ಹಂಚಿಕಿ ಅದು. 10,000 ಹೆಂಗಸರು ಕೆಲಸ ಬಿಟ್ಟು ಹೊರಗ ಬಂದ್ರು ನೋಡ್ರಿ! ಒಂದು ವಾರ ಮುಷ್ಕರ ನಡೀತು, ಕಂಪನಿ ಆ ಪದ್ಧತಿ ಕೈಬಿಡಬೇಕಾತು. ಗಂಡಸರು ಲ್ಯೂಕಾಸ್ ಅಂದ್ರ ಕೈಕೊಡೋ ದೀಪದ ಜೋಕು ಹೇಳ್ತಾರ, ನನಗ ಮಾತ್ರ ಈ ಹೆಂಗಸರ ನೆನಪಾಗ್ತದ.

ಎರಡನೇ ಮಹಾಯುದ್ಧದ ಮ್ಯಾಲೆ ಪಿವಿಸಿ ಬಂತು, ನಿಧಾನಕ್ಕ ಅರಿವಿ ಹೋತು. ಹಳೇ ರಬ್ಬರು ಒಣಗಿ ಬಿರಕು ಬಿಟ್ರ ಶಾರ್ಟಾಗಿ ಬೆಂಕಿ ಹತ್ತೋ ಅಂಜಿಕಿ. ಅದಕ್ಕ ಹಳೇ ಕಾರು ಇಟ್ಟವರು ಈಗ ಒಳಗ ಪಿವಿಸಿ, ಮ್ಯಾಲೆ ಹತ್ತಿ ಹೆಣಕಿ ಇರೋ ವೈರು ಮಾಡಿಸ್ತಾರ.