ಪೂರ್ವಜರನ್ನು ಹುಡುಕುವಾಗ

ಬಂಧುತ್ವವನ್ನು ಉಳಿಸಿಕೊಳ್ಳಲು ಬೇಕಾಗುವಷ್ಟು ವಂಶದ ಅರಿವನ್ನು ಪಡೆಯಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಬೋಧಿಸಿದ್ದಾರೆ. ಆದರೆ ನಮ್ಮ ಮಧುಗಿರಿ, ಶಿರಾ ಸೀಮೆಯ ಹಲವು ಮನೆಗಳಲ್ಲಿ ಆ ಅರಿವು ಮುತ್ತಜ್ಜನ ಹೆಸರಿಗೇ ನಿಂತುಬಿಡುತ್ತದೆ. ಅದರಾಚೆಗೆ ಉಳಿದಿರುವುದು ‘ನಾವು ನವಾಬರ ಕಡೆಯವರು’ ಎಂಬ ಮಾತೊಂದೇ.

ಈ ಮಾತಿಗೆ ಕಾರಣವಿದೆ. ಶಿರಾ 1687ರಿಂದ ಮೊಘಲ್ ಸುಬಾದ ಕೇಂದ್ರವಾಗಿತ್ತು. ಮುಂದೆ ಟಿಪ್ಪು ಸುಲ್ತಾನರ ಕಾಲದಲ್ಲಿ ಇಲ್ಲಿನ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಸಾಗಿಸಲಾಯಿತೆಂದು ಗೆಜೆಟಿಯರ್ ಹೇಳುತ್ತದೆ. ಊರು ಚದುರಿದಾಗ ವಂಶದ ಎಳೆಗಳೂ ಚದುರಿದವು. ಆದುದರಿಂದ ನಮ್ಮ ಹುಡುಕಾಟವು ಹತ್ತೊಂಬತ್ತನೆಯ ಶತಮಾನದ ಪೂರ್ವಜರೊಬ್ಬರಿಂದ ಆರಂಭವಾಗುವುದು ಒಳಿತು.

ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯೋಣ. ಹಳೆಯ ಕುರ್‌ಆನ್ ಪ್ರತಿಯ ಖಾಲಿ ಹಾಳೆಯಲ್ಲಿ ಮಕ್ಕಳ ಜನನವನ್ನು ಬರೆದಿಟ್ಟಿರಬಹುದು. ಶಜರಾಗಳು ಹೆಚ್ಚಾಗಿ ಗಂಡಸರ ಹೆಸರುಗಳನ್ನಷ್ಟೇ ಹೇಳುತ್ತವೆ. ಆದರೆ ನಿಕಾಹ್‌ನಾಮಾದಲ್ಲಿ ಮಹರ್‌ನ ಮೊತ್ತದೊಂದಿಗೆ ವಧುವಿನ ಹೆಸರೂ ಇರುತ್ತದೆ. ಮರೆತುಹೋದ ಮುತ್ತಜ್ಜಿ ನಮಗೆ ಸಿಗುವುದು ಅಲ್ಲಿಯೇ.

ಅನಂತರ ಖಬರಸ್ತಾನ. ಗೋರಿಕಲ್ಲಿನ ಮೇಲೆ ಹಿಜರಿ 1294 ಎಂದಿದ್ದರೆ ಅದು ಕ್ರಿ.ಶ. 1877, ಧಾತು ಈಶ್ವರ ಬರದ ನಟ್ಟನಡು. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಅಂತಹ ಒಂದು ಇಸವಿಯು ಇಡೀ ಮನೆತನದ ದುಃಖವನ್ನು ಹೇಳಬಲ್ಲದು.

ಮಸೀದಿ, ದರ್ಗಾಗಳ ಸೇವೆಗೆ ಇನಾಮು ಭೂಮಿ ಪಡೆದವರಾಗಿದ್ದರೆ ಇನಾಮು ದಾಖಲೆಗಳನ್ನೂ ನೋಡಬೇಕು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಾಗದಪತ್ರಗಳಿವೆ. ಭೂಮಿ ಯಾವ ಸೇವೆಗೆ, ಯಾರ ಹೆಸರಿಗೆ ಎಂಬುದು ಅಂತಹ ದಾಖಲೆಗಳಿಂದ ತಿಳಿಯುತ್ತದೆ.

ನವಾಬನನ್ನು ಹುಡುಕುತ್ತಾ ಹೋದ ನಮಗೆ ಕೊನೆಗೆ ಮಸೀದಿಯ ದೀಪ ಹಚ್ಚುತ್ತಿದ್ದ ಬಡ ಸೇವಕರೊಬ್ಬರು ಸಿಗಬಹುದು. ಆಗ ಆ ಕಾಗದವನ್ನು ಮುಚ್ಚಿಡುವೆವೋ, ಮಕ್ಕಳಿಗೆ ಓದಿ ಹೇಳುವೆವೋ? ನಮ್ಮ ಪ್ರಾಮಾಣಿಕತೆಗೆ ಪರೀಕ್ಷೆ ಇರುವುದು ಇಲ್ಲಿ. ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ. ಅಲ್ಲಾಹನ ಬಳಿ ಗೌರವವಿರುವುದು ಧರ್ಮನಿಷ್ಠೆಗೆ ಎಂದು ಕುರ್‌ಆನ್ ಕಲಿಸುತ್ತದೆ. ಇಲ್ಲದ ಹಿರಿಮೆಯನ್ನು ಅಂಟಿಸಿದರೆ ನಿಜವಾಗಿ ಬದುಕಿದ್ದ ಆ ಹಿರಿಯರನ್ನು ನಾವು ಎರಡನೆಯ ಬಾರಿ ಮರೆತಂತಾಗುತ್ತದೆ.

ಹಳೆಯ ಕಾಗದಗಳನ್ನು ಗುಜರಿಗೆ ಹಾಕುವ ಮುನ್ನ ಮನೆಯ ಹಿರಿಯರೊಡನೆ ಕುಳಿತು ಒಮ್ಮೆ ಓದೋಣ. ಸಿಕ್ಕ ಹೆಸರುಗಳನ್ನು ಇದ್ದಂತೆಯೇ ಬರೆದಿಡೋಣ, ನಮ್ಮ ದುಆಗಳಲ್ಲಿ ಸೇರಿಸೋಣ.